ಹಳಿಮರದ ಹೊಸ್ತಿಲು

ಸೆಕೊಂಡಿ ಎಂಬ ಬಂದರು ಊರಿನಲ್ಲಿ ನಾವಿದ್ದ ಮನೆಯ ಹೊಸ್ತಿಲು ರೈಲು ಹಳಿಯ ಕೆಳಗೆ ಹಾಸುವ ಮರದ ದಿಮ್ಮಿಯದು. ದಪ್ಪ ಮೊಳೆ ಕಿತ್ತ ತೂತುಗಳು ಹಾಗೇ ಉಳಿದಿದ್ದವು. ನನ್ನ ಮಗಳು ಕುಕುವಾ ಅಂಬೆಗಾಲಿಡಲು ಶುರುಮಾಡಿದಾಗ, ಅವುಗಳಲ್ಲಿ ಬೆರಳು ಸಿಕ್ಕಿಸಿಕೊಂಡಾಳೆಂದು ನಾನು ಚಿಂದಿ ಬಟ್ಟೆ ತುರುಕಿಡುತ್ತಿದ್ದೆ. ಮನೆಯೊಡತಿ ಎಫುವಾ, ನಾವೆಲ್ಲ ಗೌರವದಿಂದ ನಾನಾ ಎನ್ನುತ್ತಿದ್ದ ಹಿರಿಯಾಕೆ, ಬಂದು, ಒಂದು ಮಾತೂ ಆಡದೆ, ಕಿತ್ತು ಬಿಸಾಡುತ್ತಿದ್ದರು. ಮರುದಿನ ನಾನು ಮತ್ತೆ ತುರುಕುತ್ತಿದ್ದೆ. ನಮ್ಮಿಬ್ಬರ ನಡುವೆ ಜಗಳ ಎಂದು ನಡೆದದ್ದು ಅದೊಂದೇ. ಮೊದಲ ದಿನದ್ದನ್ನು ಬಿಟ್ಟರೆ.

ಆಗ ನನ್ನ ಗಂಡ ಎಬೋ ನೌಕಾಪಡೆಗೆ ಸೇರಿ ಮೂರು ವರ್ಷವಾಗಿತ್ತು. ಟೆಮಾದಿಂದ ಸೆಕೊಂಡಿಯ ನೆಲೆಗೆ ವರ್ಗವಾಯಿತು. ಕುಕುವಾಗೆ ನಾಲ್ಕು ತಿಂಗಳು. ನೆಲೆಯೊಳಗೆ ಒಂಟಿ ನಾವಿಕರಿಗೆ ಮಲಗಲು ಮಂಚವಿತ್ತು, ಸಂಸಾರದವರಿಗೆ ಮನೆಗಳ ಪಟ್ಟಿಯಿತ್ತು. ಆ ಪಟ್ಟಿಯಲ್ಲಿ ಎಬೋನ ಹೆಸರು ಎಷ್ಟು ಕೆಳಗಿತ್ತೆಂದರೆ ಬರೆದುಕೊಂಡ ಗುಮಾಸ್ತನೇ ಅವನನ್ನು ನೋಡಿ ನಕ್ಕನಂತೆ. ಅವನ ಜೊತೆಗಾರನೊಬ್ಬನ ಹೆಂಡತಿ ತನ್ನ ಒಂದೇ ಕೋಣೆಯಲ್ಲಿ ನಮಗೆ ಮೂಲೆ ಕೊಟ್ಟಿದ್ದಳು, ಶನಿವಾರದವರೆಗೆ ಮಾತ್ರ. ಶನಿವಾರ ಅವಳ ತಾಯಿ ಬರುವವರಿದ್ದರು. ಶುಕ್ರವಾರವೇ ಎಬೋನ ಹಡಗು ಹದಿನಾರು ದಿನದ ಗಸ್ತಿಗೆ ಹೊರಡುವುದಿತ್ತು. ಅಷ್ಟರೊಳಗೆ ಮನೆ ಸಿಗದಿದ್ದರೆ ನಾನೂ ಮಗುವೂ ಬಸ್ಸು ಹತ್ತಿ ಅಕ್ರಾಕ್ಕೆ, ಅತ್ತೆಯ ಮನೆಗೆ. ಒಮ್ಮೆ ವಾಪಸು ಹೋದರೆ ಮತ್ತೆ ಬರುವ ಮಾತು ಆ ಮನೆಯಲ್ಲಿ ಏಳುವುದಿಲ್ಲವೆಂದು ನನಗೆ ಗೊತ್ತಿತ್ತು. ಕುಕುವಾ ಆಗಲೇ ಅಪ್ಪನ ಬಿಳಿ ಸಮವಸ್ತ್ರ ಕಂಡರೆ ಸೂಜಿ ಚುಚ್ಚುವ ದಾದಿ ಬಂದಳೆಂದು ಕಿರುಚುತ್ತಿದ್ದಳು. ಇನ್ನು ವರ್ಷಗಟ್ಟಲೆ ದೂರವಿದ್ದರೆ ಏನಾಗುತ್ತದೋ ಎಂದು ನಾನು ಕೂತಲ್ಲೇ ಬೆವರುತ್ತಿದ್ದೆ.

ಮೂರು ದಿನದಲ್ಲಿ ಏಳು ಕೋಣೆ ನೋಡಿದೆವು. ನಾವಿಕ ಎಂದ ಕೂಡಲೇ ನಾಲ್ಕು ಕಡೆ ಬಾಗಿಲು ಅರ್ಧ ಮುಚ್ಚಿತು. ಉಳಿದ ಮೂರನ್ನು ನಾನೇ ಬೇಡವೆಂದೆ. ಒಂದರ ಹಿಂದೆ ನಿಂತ ನೀರು, ಸೊಳ್ಳೆ. ಒಂದರಲ್ಲಿ ಕೆಮ್ಮುವ ಮುದುಕ. ಇನ್ನೊಂದರ ಗೋಡೆ ಮುಟ್ಟಿದರೆ ಸುಣ್ಣ ಉದುರುತ್ತಿತ್ತು, ಮಗು ಅದನ್ನು ಬಾಯಿಗಿಟ್ಟುಕೊಂಡರೆ?

"ನೀನು ಮನೆ ನೋಡೋಕೆ ಬಂದಿದೀಯೋ, ಆರೋಗ್ಯ ಇಲಾಖೆಯಿಂದ ಬಂದಿದೀಯೋ?" ಎಂದ ಎಬೋ.

ನೆಲೆಯ ಗೇಟಿನೆದುರು ಬೇವಿನ ಮರದ ಕೆಳಗೆ ಬೆಂಟ್ಸಿಲ್ ಎಂಬ ಮುದುಕ ಕ್ಷೌರಿಕನಿದ್ದ. ನಾವಿಕರ ತಲೆಗಳನ್ನೆಲ್ಲ ಅವನೇ ಬೋಳಿಸುತ್ತಿದ್ದುದರಿಂದ ಯಾರ ಮನೆಯಲ್ಲಿ ಯಾವ ಕೋಣೆ ಖಾಲಿಯಾಯಿತೆಂಬುದು ಅವನಿಗೆ ಮೊದಲು ತಿಳಿಯುತ್ತಿತ್ತು. ಬುಧವಾರ ಮಧ್ಯಾಹ್ನ ಎಬೋನ ಕುತ್ತಿಗೆಯ ಮೇಲೆ ಕತ್ತಿಯಿಟ್ಟುಕೊಂಡೇ, ರೈಲು ಶೆಡ್ಡಿನ ಹಿಂದೆ ಬ್ರೆಡ್ ಸುಡುವ ಎಫುವಾ ಯಾಂಕಾ ಎಂಬ ವಿಧವೆಯ ಮನೆಯಲ್ಲಿ ಒಂದು ಕೋಣೆಯಿದೆ ಎಂದ. ಆದರೆ ನೀವಾಗಿ ಹೋಗಬೇಡಿ, ಸಂಜೆ ಕತ್ತರಿ ಎತ್ತಿಟ್ಟು ನಾನೇ ಬರುತ್ತೇನೆ, ಮಾತು ನನ್ನ ಬಾಯಿಂದ ಹೋಗಲಿ ಎಂದೂ ಹೇಳಿದ.

ನಾನು ಕಾಯಲಿಲ್ಲ. ಬೋರ್ಡಿನ ಮೇಲಿನ ನಂಬರಿಗೆ ಫೋನು ಮಾಡಿ ಮನೆ ಹಿಡಿಯುವ ಊರಿನಲ್ಲಿ ಓದಿ ಬೆಳೆದವಳು. ಒಂದು ಕೋಣೆ ಕೇಳಲು ನಡುವೆ ಕ್ಷೌರಿಕ ಯಾಕೆ? ಸಂಜೆಯೊಳಗೆ ಬೇರೆ ಯಾರಾದರೂ ಹಿಡಿದುಬಿಟ್ಟರೆ? ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಎಬೋನ ತೋಳು ಹಿಡಿದು ಹೊರಟೇಬಿಟ್ಟೆ.

ಹೊಸ್ತಿಲ ಆಚೆ ನಿಂತು ಎಬೋ, ಒಳಗೆ ಬರಲೇ ಎಂದು ಕೇಳುವ "ಅಗೋ" ಕೂಗಿದ. ಒಳಗಿನಿಂದ ಬನ್ನಿ ಎನ್ನುವ "ಅಮೇ" ಉತ್ತರ ಬಂತು. ನಾಲ್ಕೂ ಕಡೆ ಕೋಣೆ, ನಡುವೆ ಅಂಗಳ, ಅಂಗಳದ ಮೂಲೆಯಲ್ಲಿ ಹುತ್ತದಂಥ ಮಣ್ಣಿನ ಒಲೆ, ತೆಂಗಿನ ಸಿಪ್ಪೆಯ ಹೊಗೆ, ಸಿಹಿ ಬ್ರೆಡ್ಡಿನ ವಾಸನೆ. ಬಾಡಿಗೆಗಿದ್ದ ಹೆಂಗಸರು ಮೂರ್ನಾಲ್ಕು ಜನ ಗೆಣಸು ಸುಲಿಯುತ್ತಿದ್ದರು. ನಾನಾ ಎಫುವಾ ಎತ್ತರದ ಹೆಂಗಸು, ಮೊಣಕೈವರೆಗೆ ಹಿಟ್ಟು. ನಮಗೆ ಬೆಂಚು ತೋರಿಸಿ, ತಟ್ಟೆಯ ಮೇಲೆ ಎನಾಮೆಲ್ ಬಟ್ಟಲಿಟ್ಟು ನೀರು ತಂದರು. ಎಬೋ ತೀರಿಹೋದ ಹಿರಿಯರ ಹೆಸರಿಗೆ ಎರಡು ಹನಿ ನೆಲಕ್ಕೆ ಚೆಲ್ಲಿ ಕುಡಿದ. ಮತ್ತೆ ತುಂಬಿಸಿ ನನಗೆ ಕೊಟ್ಟರು.

ಆಗ ನನ್ನ ಕಣ್ಣು ಬಾವಿಯ ಮೇಲೆ ಬಿತ್ತು. ಮುಚ್ಚಳ ಅರ್ಧ ಸರಿದಿತ್ತು, ಅದರ ಅಂಚಿನಲ್ಲಿ ಒಂದು ಕೋಳಿ ಕೂತಿತ್ತು. ನಾನು ನೀರು ಬೇಡವೆಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಇದು ಬಾವಿಯ ನೀರೇ, ಕಕ್ಕಸು ಬಾವಿಯಿಂದ ಎಷ್ಟು ದೂರ, ಅದನ್ನು ಎಷ್ಟು ಜನ ಬಳಸುತ್ತಾರೆ, ಇಲ್ಲಿ ಯಾವ ಮಗುವಿಗಾದರೂ ಭೇದಿಯಿದೆಯೇ ಎಂದು ಒಂದೇ ಉಸಿರಿಗೆ ಕೇಳಿದೆ. ಬಂದ ವಿಷಯವೇನೆಂದು ಅವರು ಇನ್ನೂ ಕೇಳಿರಲೇ ಇಲ್ಲ. ಗೆಣಸು ಸುಲಿಯುವ ಕೈಗಳು ನಿಂತವು.

ನಾನಾ ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡರು. ಅದರೊಳಗೊಮ್ಮೆ, ನನ್ನ ಬೆನ್ನ ಮೇಲಿನ ಮಗುವಿನ ಕಡೆಗೊಮ್ಮೆ ನೋಡಿ, ನೀರನ್ನು ಪಪ್ಪಾಯಿ ಗಿಡಕ್ಕೆ ಸುರಿದರು.

"ಕೋಣೆ ಖಾಲಿ ಇಲ್ಲ" ಎಂದರು.

ಅವರ ಹಿಂದೆಯೇ ತೆರೆದ ಬಾಗಿಲಲ್ಲಿ ಆ ಕೋಣೆಯ ಬರಿದಾದ ಸಿಮೆಂಟು ನೆಲ ಕಾಣುತ್ತಿತ್ತು.

ಬೀದಿಯ ತಿರುವು ದಾಟಿದೆವು. ತುಟಿಗೆ ಮುಟ್ಟಿಸಿದ್ದರೂ ಸಾಕಿತ್ತಲ್ಲ ಎಂದ ಎಬೋ. ನನ್ನ ಹೊಟ್ಟೆ ಕೆಟ್ಟರೆ ಮಗು ಕುಡಿಯುವುದು ನನ್ನ ಹಾಲನ್ನೇ ಅಲ್ಲವೇ ಎಂದೆ ನಾನು. ನಾನು ಅಳುತ್ತ ನಡೆದೆ.

ಬೆಂಟ್ಸಿಲ್ ಕೇಳಿದವನೇ ಕತ್ತರಿ ಕೆಳಗಿಟ್ಟ.

"ಅಲ್ಲಮ್ಮಾ ಅರಾಬಾ, ಕೊಟ್ಟ ನೀರು ಬೇಡ ಅಂದ್ರೆ ಜಗಳಕ್ಕೆ ಬಂದಿದೀನಿ ಅಂತ ಅರ್ಥ. ಅದೂ ಬಾಡಿಗೆಯವರೆಲ್ಲ ನೋಡ್ತಾ ಇರೋವಾಗ! ಅಷ್ಟು ವರ್ಷ ಶಾಲೆಗೆ ಹೋದೆಯಲ್ಲ, ಅಲ್ಲಿ ಬಾಯಾರಿಕೆ ಆಗ್ತಿರ್ಲಿಲ್ವಾ?"

ಗುರುವಾರ ಬೆಳಿಗ್ಗೆ ಅವನು ಅಂಗಡಿ ತೆರೆಯಲಿಲ್ಲ. ಚರ್ಚಿಗೆ ಹೋಗುವಾಗಿನ ಹೊದಿಕೆ ಎಡ ಭುಜಕ್ಕೆ ಹಾಕಿ, ಕಂಕುಳಲ್ಲಿ ತಪ್ಪು ಕಾಣಿಕೆಯ ಶ್ನಾಪ್ಸ್ ಮದ್ಯದ ಬಾಟಲಿ ಇಟ್ಟುಕೊಂಡು ನಮ್ಮನ್ನು ಕರೆದೊಯ್ದ. ನಾನು ಬಾಯಿ ಬಿಡಕೂಡದೆಂದು ದಾರಿಯುದ್ದಕ್ಕೂ ಹೇಳಿದ. ಅಂಗಳದಲ್ಲಿ ಅವನು ಸುತ್ತಿ ಬಳಸಿ, ಮಕ್ಕಳು ಎಡವಿವೆ, ಎಡವಿದ ಕಾಲನ್ನು ಕಡಿಯುವುದುಂಟೇ ಎಂದೆಲ್ಲ ಬೇಡಿಕೊಂಡ. ನಾನಾ ಬಾಟಲಿಯನ್ನು ಮುಟ್ಟಲೂ ಇಲ್ಲ, ದೂಡಲೂ ಇಲ್ಲ.

"ನೀರಿನ ಮಾತು ಹಾಗಿರ್ಲಿ ಬೆಂಟ್ಸಿಲ್. ನಾವಿಕರಿಗೆ ನಾನು ಕೊಡಲ್ಲ, ನಿಂಗೊತ್ತು. ಹೋದ ಸಲದವನು ದಾರಿ ಕೇಳದೆ ಹೋದ. ಸಮುದ್ರದಿಂದ ಬರ್ತಾನೆ ಅಂತ ನಾಲ್ಕು ದಿನ ಅವನ ಬ್ರೆಡ್ ಎತ್ತಿಟ್ಟಿದ್ದೆ. ಕಲ್ಲಾಯ್ತು."

ನಮ್ಮಲ್ಲಿ ಹೊರಡುವ ಮೊದಲು ಮನೆಯವರಲ್ಲಿ ದಾರಿ ಕೇಳಬೇಕು. ಅವರು ಕೊಟ್ಟರೆ ಮಾತ್ರ ಹೊರಡಬೇಕು. ಆದರೆ ಹಡಗಿನವರಿಗೆ ಅಪ್ಪಣೆ ಮೇಲಿನಿಂದ ಬರುತ್ತದೆ. ಅವರು ಎಷ್ಟೋ ಸಲ ಚೀಲ ಹೆಗಲಿಗೇರಿಸಿ ಹೋಗಿಬಿಡುತ್ತಾರೆ.

"ನಾನು ಕೇಳ್ತೀನಿ ನಾನಾ" ಎಂದ ಎಬೋ. "ನೀವು ಎಲ್ಲಿದ್ರೂ ಬಂದು ಕೇಳಿಯೇ ಹೋಗ್ತೀನಿ."

ನಾನಾ ಎದ್ದು ಒಳಗೆ ಹೋದರು. ಎಷ್ಟು ಹೊತ್ತಾದರೂ ಬರಲಿಲ್ಲ. ಮುಗಿಯಿತು ಎಂದುಕೊಂಡೆ. ಅಕ್ರಾದ ಬಸ್ಸು, ಅತ್ತೆಯ ಮನೆಯಲ್ಲಿ ನಾದಿನಿಯರ ನಡುವೆ ಒಂದೇ ಮಂಚ, ಎಲ್ಲ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಅವರು ಅದೇ ಎನಾಮೆಲ್ ಬಟ್ಟಲು ಹಿಡಿದು ಬಂದು, ಹಿರಿಯರನ್ನೂ ಗಂಡಸನ್ನೂ ಬಿಟ್ಟು, ಮೊದಲು ನನಗೇ ಚಾಚಿದರು.

ಕಣ್ಣು ಮುಚ್ಚಿಕೊಂಡು ಕುಡಿದೆ. ನೀರು ಬೆಚ್ಚಗಿತ್ತು. ಕಾಯಿಸಿ ಆರಲು ಬಿಟ್ಟಿದ್ದ ನೀರು, ತೆಂಗಿನ ಸಿಪ್ಪೆಯ ಹೊಗೆಯ ರುಚಿ ಹತ್ತಿತ್ತು. ನಾವು ಬರುವ ಮುಂಚೆಯೇ ಅವರು ಅದನ್ನು ಒಲೆಯ ಮೇಲಿಟ್ಟಿರಬೇಕು. ಕಣ್ಣು ತೆರೆದು ನೋಡಿದರೆ ಅವರು ನನ್ನ ಕಡೆ ನೋಡುತ್ತಲೇ ಇರಲಿಲ್ಲ. ತಳದ ಹನಿಯವರೆಗೂ ಕುಡಿದೆ.

ಎಲ್ಲರದೂ ಆದ ಮೇಲೆ ಅವರು ಕೂತು, ಬುಧವಾರವೆಂಬುದು ಆಗಿಯೇ ಇಲ್ಲವೆಂಬಂತೆ, ನೀರು ಕೊಟ್ಟ ಮೇಲೆ ಮನೆಯವರು ಹೇಳಬೇಕಾದ ಮಾತು ಹೇಳಿದರು.

"ಇಲ್ಲೆಲ್ಲ ತಂಪಾಗಿದೆ. ನಡೆದು ಬಂದವರು ನೀವು. ಏನು ಬಂದಿರಿ?"

ಶುಕ್ರವಾರ ಎಬೋನ ಹಡಗು ಹೊರಟಾಗ ನಮ್ಮ ಹಾಸಿಗೆ ಸುರುಳಿ ಆ ಹೊಸ್ತಿಲು ದಾಟಿತ್ತು.

ಐದು ವರ್ಷ ಇದ್ದೆವು. ಅವರ ಗಂಡ ಕ್ವಾಮೆನಾ ಹಳಿ ರಿಪೇರಿಯ ಗುಂಪಿನಲ್ಲಿದ್ದವರು. ಇಲಾಖೆ ಎಸೆದ ಮರಗಳನ್ನು ಕೇಳಿ ಪಡೆದು, ಒಂದೊಂದಾಗಿ ತಲೆಯ ಮೇಲೆ ಹೊತ್ತು ತಂದು ಬಾಗಿಲು, ಹೊಸ್ತಿಲು, ಬಾವಿಯ ಕಟ್ಟೆ ಮಾಡಿದ್ದರಂತೆ. ಅದಕ್ಕೂ ಮೊದಲು, ಹತ್ತೊಂಬತ್ತರ ನಾನಾ ತವರೂರು ಶಾಮಾದಿಂದ ಮದುವೆಯಾಗಿ ಬಂದಾಗ, ಸ್ಟೇಷನ್ನಿನ ಹಿಂದೆ ಬಾಡಿಗೆ ಕೋಣೆ. ಅಲ್ಲಿ ಎಂಟು ತಿಂಗಳ ಮಗು ಮೂರೇ ದಿನದ ಭೇದಿಗೆ ಹೋಯಿತು. ಇದನ್ನು ಅವರು ನನಗೆ ಒಂದೇ ಸಲ, ಹಿಟ್ಟು ನಾದುತ್ತ, ತಲೆಯೆತ್ತದೆ ಹೇಳಿದ್ದು. ಹೇಳಿ ಮುಗಿಸಿ, ತಟ್ಟೆ ಕೊಡು ಎಂದರು. ಮೊಲೆಯೂಡಿಸುವ ತಾಯಂದಿರಿಗೆಂದು ಅವರ ಒಲೆಯ ಪಕ್ಕ ಸದಾ ಒಂದು ಕೆಟ್ಲು ಇರುತ್ತಿತ್ತು. ನನ್ನ ದಿಗಿಲಿಗೆ ನಕ್ಕವರೆಷ್ಟೋ ಮಂದಿ. ಅವರು ಒಮ್ಮೆಯೂ ನಗಲಿಲ್ಲ, ಗಂಡ ಹೊತ್ತು ತಂದ ಹೊಸ್ತಿಲಿಗೆ ಚಿಂದಿ ತುರುಕುವುದನ್ನು ಮಾತ್ರ ಒಪ್ಪಲಿಲ್ಲ.

ಟೆಮಾಕ್ಕೆ ವಾಪಸು ವರ್ಗದ ಅಪ್ಪಣೆ ಒಂದು ಶನಿವಾರ ಬೆಳಿಗ್ಗೆ ಬಂತು. ಅಂದೇ ಸಂಜೆ ಲಾರಿ. ನಾನಾ ಯಾರದೋ ಸಾವಿನ ಕಾರ್ಯಕ್ಕೆಂದು ಶಾಮಾಕ್ಕೆ ಹೋಗಿದ್ದರು. ಫೋನು ಮಾಡಿ ಹೇಳಿದರೆ ಸಾಲದೇ ಎಂದು ನಾನೇ ಕೇಳಿದೆ. ಪಾತ್ರೆ ಕಟ್ಟುವುದಿತ್ತು, ಕುಕುವಾಗೆ ಮೈ ಬಿಸಿಯಿತ್ತು. ಎಬೋ ಸಮವಸ್ತ್ರದಲ್ಲೇ ವ್ಯಾನು ಹತ್ತಿ ಶಾಮಾಕ್ಕೆ ಹೋದ. ಸೂತಕದ ಕಪ್ಪು ಕೆಂಪು ಬಟ್ಟೆಯ ಜನಸಂದಣಿಯ ನಡುವೆ ಒಬ್ಬನೇ ಬಿಳಿಯಲ್ಲಿ ನಿಂತು, ಎಲ್ಲರ ಎದುರು ಅವರಲ್ಲಿ ದಾರಿ ಕೇಳಿದನಂತೆ.

"ದಾರಿ ಅರ್ಧ ಕೊಟ್ಟಿದೀನಿ" ಎಂದರಂತೆ ನಾನಾ. "ಇನ್ನರ್ಧ ನನ್ನ ಹತ್ರಾನೇ ಇರ್ಲಿ. ಬಂದಾಗ ಇಸ್ಕೊಳ್ಳಿ."

ಈಗ ಟೆಮಾದಲ್ಲಿ ನಮಗೆ ಕ್ವಾರ್ಟರ್ಸ್ ಸಿಕ್ಕಿದೆ. ನಲ್ಲಿ ಒಳಗೇ ಇದೆ. ಬಂದವರಿಗೆ ನಾನು ಬೆಚ್ಚಗಿನ ನೀರು ಕೊಟ್ಟರೆ ಫ್ರಿಜ್ ಕೆಟ್ಟಿದೆಯೇ ಎಂದು ಕೇಳುತ್ತಾರೆ. ಮಡಿಲಲ್ಲಿ ಎರಡನೆಯ ಮಗು. ಮೊನ್ನೆ ಬೆಂಟ್ಸಿಲ್ ಫೋನಿನಲ್ಲಿ ನಾನಾ ಹೇಳಿಕಳಿಸಿದ್ದನ್ನು ಹೇಳಿದ. ಈ ಮಗು ಅಂಬೆಗಾಲಿಟ್ಟ ಮೇಲೆ ಕರೆತರಬೇಕಂತೆ, ಹೊಸ್ತಿಲಿಗೆ ಚಿಂದಿ ತುರುಕಕೂಡದಂತೆ.

ಈ ಮನೆಗೆ ಹೊಸ್ತಿಲೇ ಇಲ್ಲ. ಅದನ್ನು ನಾನು ಅವರಿಗಿನ್ನೂ ಹೇಳಿಲ್ಲ.