ಟಪ್ಪೆನ್ನುವ ಕಪ್ಪು ಸ್ವಿಚ್

ನಮ್ಮ ಭಾವ, ಅಂದರೆ ಅಕ್ಕನ ಗಂಡ, ವೈರಿಂಗ್ ಕೆಲಸದವರು; ನಾನಿರುವುದು ಅವರ ಮನೆಯಲ್ಲೇ, ಅಕ್ಕ ಮತ್ತು ಅವಳ ಮಗುವಿನ ಜೊತೆ. ಜೇಬಿನಲ್ಲಿ ಟೆಸ್ಟರ್, ಕಿವಿಯ ಮೇಲೆ ಪೆನ್ಸಿಲ್, ಬಾಯಲ್ಲಿ ಮಾತಿಲ್ಲ. ಆ ಮೌನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಮೂವತ್ತು ಮನೆಗಳ ನಮ್ಮ ಬೀದಿಗೆ ಡಿಸಿ ಲೈನ್ ಎಳೆದವರು ಅವರೇ. ಸೋಲಾರಿನಿಂದ ಬರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಎಲ್‌ಇಡಿ ಬಲ್ಬಿಗೆ ಬೇಕಾದದ್ದೂ ಅದೇ; ನಡುವೆ ಅದನ್ನು ಮಾಮೂಲಿ ಎಸಿ ಕರೆಂಟ್ ಮಾಡಿ, ಮತ್ತೆ ಡಿಸಿ ಮಾಡಿ ದಾರಿಯಲ್ಲೇ ಸೋರಿಸುವುದೇಕೆ ಎಂದು ಎರಡು ವರ್ಷ ಮನೆಮನೆ ಸುತ್ತಿ ಒಪ್ಪಿಸಿದರು. ಏಣಿ ಹತ್ತಿದ್ದು ಇವರು. ಕರೆಂಟ್ ಬಿಲ್ಲು ಇಳಿದಾಗ ಹಾರ ಹಾಕಿಸಿಕೊಂಡದ್ದು ಬಡಾವಣೆ ಸಂಘದ ಅಧ್ಯಕ್ಷರು!

ಭಾವನದು ಒಂದೇ ಹಟ. ಡಿಸಿ ಲೈನಿನಲ್ಲಿ ಸ್ವಿಚ್ ಆರಿಸುವಾಗ ಹುಟ್ಟುವ ಕಿಡಿ ಬೇಗ ಆರುವುದಿಲ್ಲ, ಮಾಮೂಲಿ ಸ್ವಿಚ್ ಒಳಗೊಳಗೇ ಸುಡುತ್ತದೆ. ಅದಕ್ಕೇ ಎಲ್ಲರ ಮನೆಗೂ ದಪ್ಪನೆಯ ಕಪ್ಪು ಸ್ವಿಚ್ಚುಗಳನ್ನೇ ಹಾಕಿದ್ದರು. ನೋಡಲು ಕುರೂಪ, ಒತ್ತಿದರೆ ಟಪ್ಪೆಂದು ಮನೆಯೆಲ್ಲ ಕೇಳುವ ಸದ್ದು.

ಹೋದ ವಾರ ಅಧ್ಯಕ್ಷರ ನಡುಮನೆಯಲ್ಲಿ ಸ್ವಿಚ್ ಹೊತ್ತಿಕೊಂಡು ಕಿಟಕಿಯ ಪರದೆ ಸುಟ್ಟಿತು. ಗೋಡೆಯ ಬಣ್ಣಕ್ಕೆ ಹೊಂದಲೆಂದು ಮಾಮೂಲಿ ಸ್ವಿಚ್ ಹಾಕಿಸಿಕೊಂಡವರು ಅವರೇ. ಆದರೂ ಸಭೆ ಕರೆದು ಭಾವನ ಮೇಲೆ ಗೂಬೆ ಕೂರಿಸಿದರು. ಲೈನೇ ಅಪಾಯವಂತೆ, ನಾಳೆಯೇ ಕಿತ್ತುಹಾಕಬೇಕಂತೆ. ಭಾವ ತುಟಿ ಪಿಟಕ್ಕೆನ್ನದೆ ಎದ್ದು ಬಂದರು.

ಮನೆಗೆ ಬಂದದ್ದೇ ನಾನು ಶುರು ಹಚ್ಚಿಕೊಂಡೆ. ಸುಮ್ಮನಿರೆಂದು ಅಕ್ಕ ಕಣ್ಸನ್ನೆ ಮಾಡಿದರೂ ಬಿಡಲಿಲ್ಲ.

“ಬಾಯಿಗೆ ಬೀಗ ಹಾಕ್ಕೊಂಡಿದ್ರಾ ಭಾವ? ಸ್ವಿಚ್ ಬದಲಾಯಿಸಿದ್ದು ಅವ್ರು, ತಲೆ ತಗ್ಗಿಸಿದ್ದು ನೀವು.”

ಭಾವ ಜೇಬಿನಿಂದ ಒಂದು ಸಣ್ಣ ಸ್ವಿಚ್ ತೆಗೆದು ಮೇಜಿನ ಮೇಲಿಟ್ಟರು. ಹಿಂಬದಿಯೆಲ್ಲ ಕರಕಲಾಗಿತ್ತು.

“ಅವ್ರ ಮನೇಲಿ ಹೀಗಾಯ್ತಲ್ಲ ಅಂತ ನಮ್ಮನೇದನ್ನೂ ಬಿಚ್ಚಿ ನೋಡ್ದೆ. ಇದು ಮಗು ಮಲಗೋ ಕೋಣೇದು, ಮಾಮೂಲಿ ಸ್ವಿಚ್ಚು. ಯಾವ ಮುಖ ಇಟ್ಕೊಂಡು ಅವ್ರನ್ನ ಕೇಳ್ಲಮ್ಮ?”

ಯಾರು ಹಾಕಿದ್ದೆಂದು ಅವರು ಕೇಳಲಿಲ್ಲ. ಅಕ್ಕ ನನ್ನ ಮುಖ ನೋಡಿದಳು. ಟಪ್ಪೆನ್ನುವ ಸದ್ದಿಗೆ ಮಗು ಬೆಚ್ಚಿ ಏಳುತ್ತಿತ್ತು. ಹಾಳಾದ್ದು ಎಂದು ಬೈದುಕೊಂಡು, ಭಾವ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅದನ್ನು ಬದಲಾಯಿಸಿದವಳು ನಾನೇ. ಅವರಿಗೆ ಗೊತ್ತಾಗದಿರಲೆಂದು ಮೇಲೆ ಕಪ್ಪು ಬಣ್ಣವನ್ನೂ ಬಳಿದಿದ್ದೆ.

ಮೈ ಇನ್ನೂ ಉರಿಯುತ್ತಿತ್ತು, ಈಗ ನನ್ನ ಮೇಲೆಯೇ. ಆ ಸ್ವಿಚ್ಚನ್ನು ಮುಷ್ಟಿಯಲ್ಲಿ ಹಿಡಿದು, ಚಪ್ಪಲಿ ಮೆಟ್ಟಿಕೊಂಡು ಅಧ್ಯಕ್ಷರ ಮನೆಗೆ ಹೊರಟೆ. ಅವರ ತಪ್ಪು ಎತ್ತುವ ಮೊದಲು ನನ್ನದನ್ನು ಬೀದಿಗೆಲ್ಲ ಕೇಳುವಂತೆ ಹೇಳಬೇಕಿತ್ತು.