ನೇರ ಕಾಲಿನ ಡಾಕ್ಟರು
ಟ್ಯಾಮ್‌ವರ್ತ್ ಊರಿನಲ್ಲಿ ಸವೆದ ಮಂಡಿ ತೆಗೆದು ಹೊಸದನ್ನು ಕೂರಿಸುವ ಡಾಕ್ಟರ್ ಡೆಸ್ಮಂಡ್ ಪೆಟಿಫರ್ ಅವರಿಗೆ ಜನರ ಮುಖ ನೆನಪಿರುವುದಿಲ್ಲ, ಕಾಲು ಮಾತ್ರ ಮರೆಯುವುದಿಲ್ಲ. ಬೇಕರಿಯಲ್ಲಿ ಮಾಂಸ ತುಂಬಿ ಬೇಯಿಸಿದ ಪೈ ಕೊಳ್ಳಲು ಸಾಲು ನಿಂತಾಗಲೂ ಮುಂದಿನವರ ಕಾಲನ್ನು ಕಣ್ಣಲ್ಲೇ ಅಳೆದು, "ಸೊಟ್ಟ" ಎಂದು ಗೊಣಗುತ್ತಾರೆ. ಸೊಂಟದಿಂದ ಪಾದದವರೆಗೆ ಗೆರೆ ಎಳೆದಂತೆ ನೇರವಾಗದ ಕಾಲು ಅವರ ಆಪರೇಷನ್ ಕೋಣೆಯಿಂದ ಆಚೆ ಬಂದದ್ದೇ ಇಲ್ಲ. ಜೊತೆಯ ಡಾಕ್ಟರ್ ಮೊಯಿರಾ ಲೇಸಿಯವರದು ಬೇರೆ ದಾರಿ: ಸವೆಯುವ ಮೊದಲು ಕಾಲು ಹೇಗೆ ಬಾಗಿತ್ತೋ ಹೊಸ ಮಂಡಿಯನ್ನೂ ಹಾಗೇ ಕೂರಿಸುವುದು. "ಹುಟ್ಟಿದ್ದೇ ಹಾಗೆ ಕಣಪ್ಪಾ" ಎಂದು ಮೊಯಿರಾ ಅಂದರೆ, "ಸೊಟ್ಟಗೇ ಬಿಡೋದಾದ್ರೆ ನಾವ್ಯಾಕಮ್ಮಾ ಇರೋದು?" ಎಂದು ಡೆಸ್ಮಂಡ್ ಕಾಫಿ ಚೆಲ್ಲುವಷ್ಟು ಕೈ ಬೀಸುತ್ತಾರೆ. ಈ ಜಗಳ ನಡೆಯದ ದಿನ ನರ್ಸುಗಳಿಗೆ ಊಟ ರುಚಿಸುವುದಿಲ್ಲ. ಕುದುರೆಯ ಮೇಲೇ ಮುದುಕಿಯಾದ, ಬಿಲ್ಲಿನಂತೆ ಬಾಗಿದ ಕಾಲಿನ ಈನಿಡ್ ಗ್ಯಾಲಹರ್‌ಗೆ ಬಲಗಾಲು ನೇರ ಮಾಡಿಕೊಟ್ಟವರೂ ಡೆಸ್ಮಂಡ್ ಅವರೇ. ಈಚೆಗೆ ಎಡಮಂಡಿ ತೋರಿಸಲು ಬಂದ ಆಕೆ, "ಬಲಗಾಲಿನ ನೋವೇನೋ ಹೋಯ್ತು ಡಾಕ್ಟ್ರೇ. ಆದ್ರೆ ಅದು ಯಾರದೋ ಕಾಲು ಅನ್ಸತ್ತೆ, ನಂದಲ್ಲ" ಎಂದಳು. ಡೆಸ್ಮಂಡ್ ಆ ಕಾಲಿನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಸೊಂಟದಿಂದ ಪಾದದವರೆಗೆ ಬೆರಳೆಳೆದು ನೋಡಿದರು. ಅಷ್ಟು ನೇರವಾದ ಕಾಲನ್ನು ಅವರು ಇನ್ಯಾರಿಗೂ ಮಾಡಿರಲಿಲ್ಲ. ಆಮೇಲೆ ಎದ್ದು, ಆಕೆಯ ಕೈ ಹಿಡಿದು ನಡೆಸಿಕೊಂಡು ಮೊಯಿರಾ ಅವರ ಕೋಣೆಗೆ ಹೋದರು. "ಈಕೆಯ ಎಡಗಾಲು ನೀನೇ ಮಾಡು ಮೊಯಿರಾ" ಎಂದರು. "ನಾನು ಪಕ್ಕದಲ್ಲಿ ನಿಂತ್ಕೋತೀನಿ, ಹೇಗೆ ಅಂತ ನಂಗೂ ತೋರ್ಸು."