ಜಪಾನಿ ಖಾನಾವಳಿಯಿಂದ ಎದ್ದು ಬಂದದ್ದು

ಗಂಡ ಹೆಂಡತಿ ಮನಸ್ತಾಪದ ಮಾತನ್ನು ಹೊರಗೆ ಕೂತು ಆಡಬೇಕಾಗಿ ಬಂದರೆ, ನಮ್ಮವರು ಯಾರೂ ಉಣ್ಣದ ಜಾಗ ಹುಡುಕಿಕೊಳ್ಳಿ. ಮಡಗಾಂವ್‌ನ ಯಾವ ಖಾನಾವಳಿಗೆ ಹೋದರೂ ಪಕ್ಕದ ಮೇಜಿಗೆ ಗದಗಿನವನೋ ಬಾಗಲಕೋಟೆಯವನೋ ಒಬ್ಬ ಕೂತೇ ಇರುತ್ತಾನೆ. ನೀವು ಕೈ ತೊಳೆಯುವುದರೊಳಗೆ ನಿಮ್ಮ ಸಂಸಾರದ ಸುದ್ದಿ ಊರಾಚೆಯ ಫಾತೋರ್ಡಾ ಮುಟ್ಟಿರುತ್ತದೆ. ಅದಕ್ಕೇ ನಾನು ನನ್ನ ಹೆಂಡತಿಯನ್ನು ಸಮುದ್ರದ ಹತ್ತಿರದ ಜಪಾನಿ ಖಾನಾವಳಿಗೆ ಕರೆದೆ.

ಅವಳು ಮನೆ ಬಿಟ್ಟು ಒಳನಾಡಿನ ಸಾಂಖಳಿಯ ಅಕ್ಕನ ಮನೆ ಸೇರಿ ಎರಡು ತಿಂಗಳಾಗಿತ್ತು. ಕಾರಣ ಒಂದೇ. ಮದುವೆಯಾದ ಹೊಸದರಿಂದ ನಾವಿಬ್ಬರೂ ದಂಡೆಯ ಮೇಲೆ ಗಂಟು ಹೊತ್ತು ಮಣಿಸರ, ಕಾಲ್ಗೆಜ್ಜೆ, ಕಸೂತಿ ಚೀಲ ಮಾರಿದವರು. ಕೊನೆಗೆ ಒಂದು ಗೇಣಗಲದ ಅಂಗಡಿ ಹಿಡಿದೆ. ಒಂದು ಫ್ಯಾನು, ಒಂದು ಕುರ್ಚಿ. ಕುರ್ಚಿಯ ಮೇಲೆ ನಾನು ಕೂತೆ, ಅವಳು ಉಸುಕಿನಲ್ಲಿ ಗಂಟು ಹೊರುತ್ತಲೇ ಉಳಿದಳು. ‘ನಾ ಅಂಗಡ್ಯಾಗ ಕುಂದ್ರತೇನ್ರಿ’ ಎಂದಾಗಲೆಲ್ಲ ‘ಇದೊಂದು ಸೀಜನ್’ ಎಂದೆ. ಮೂರು ಸೀಜನ್ ಹೋದವು. ಅಂಗಡಿಯಲ್ಲಿ ಯಾರು ಬೇಕಾದರೂ ಮಾರಬಹುದು. ದಂಡೆಯ ಮೇಲೆ ಅವಳಂತೆ ಫಾರಿನ್ ಹೆಂಗಸರನ್ನು ನಗಿಸಿ ಮಾರುವವರು ಯಾರೂ ಇರಲಿಲ್ಲ. ನನ್ನ ಲೆಕ್ಕ ತಪ್ಪಿರಲಿಲ್ಲ. ಅವಳ ಹಿಮ್ಮಡಿ ಮಾತ್ರ ಒಡೆದು ನೆತ್ತರು ಜಿನುಗುತ್ತಿತ್ತು. ಒಂದು ಮಧ್ಯಾಹ್ನ ಗಂಟನ್ನು ಅಂಗಡಿಯ ಮುಂದೆ ಇಳಿಸಿ, ನೀರು ಕುಡಿದು, ಬಸ್ಸು ಹತ್ತಿದಳು.

ಖಾನಾವಳಿ ಇದ್ದದ್ದು ಒಂದು ಹಳೆಯ ಮನೆಯ ಪಡಸಾಲೆಯಲ್ಲಿ. ಜಪಾನಿ ಗಂಡ ಹೆಂಡತಿ ಇಬ್ಬರೇ ನಡೆಸುತ್ತಿದ್ದರು. ಐದು ಮೇಜು. ಮಾಂಸವನ್ನು ಬಡಿದು ತೆಳ್ಳಗೆ ಮಾಡಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಕರಿದು, ಬೆರಳಗಲ ಕೊಯ್ದು ಕೊಡುವ ಕಟ್ಲೆಟ್ಟು ಅವರ ಕಸುಬು. ಹಂದಿಯದೇ ಹೆಸರುವಾಸಿ, ನಮ್ಮಂಥವರಿಗೆ ಕೋಳಿಯದೂ ಇತ್ತು. ಬಾಗಿಲಿಗೆ ಕಟ್ಟಿದ ಕನ್ನಡಿ ಕಸೂತಿಯ ತೋರಣ ನನ್ನ ಅಂಗಡಿಯದು. ನಾನು ಹೇಳಿದ ಬೆಲೆಗೇ ಕೊಂಡು ಬಗ್ಗಿ ನಮಸ್ಕಾರ ಮಾಡಿ ಹೋಗಿದ್ದರು. ಅಂಥ ಗಿರಾಕಿಯನ್ನು ಕಂಡರೆ ನನಗೆ ಇವತ್ತಿಗೂ ಸ್ವಲ್ಪ ದಿಗಿಲು.

‘ಇಷ್ಟ ದೂರ ಯಾಕ ಕರಸಿದ್ರಿ?’ ಅವಳು ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಕೇಳಿದಳು.

‘ಇಲ್ಲಿ ಕೋಬಿ ಎಷ್ಟ ಸಲಾ ಕೇಳಿದ್ರೂ ಪುಕ್ಕಟ ಹಾಕ್ತಾರ.’

‘ಹಂಗಂದ್ರ ಕೋಬಿ ತಿನ್ನಾಕ ಕರದೀರಿ. ತಿಳೀತು ಬಿಡ್ರಿ.’

ಕೋಬಿಯನ್ನು, ಅಂದರೆ ಎಲೆಕೋಸನ್ನು, ದಾರದಷ್ಟು ಸಣ್ಣಗೆ ಹೆಚ್ಚಿ ತಟ್ಟೆಯ ತುಂಬ ಒಟ್ಟಿದ್ದರು. ಜೊತೆಗೆ ಅನ್ನ, ಒಂದು ಬಟ್ಟಲು ಸಾರು, ಕಪ್ಪಗೆ ಗಟ್ಟಿಯಾದ ಸಿಹಿಹುಳಿ ಸಾಸು. ಊಟಕ್ಕೆ ಮೊದಲು ಜಪಾನಿ ಹೆಂಗಸು ಒಳಮೈಗೆ ಗೀರುಗಳಿದ್ದ ಮಣ್ಣಿನ ಬಟ್ಟಲು, ಹುರಿದ ಎಳ್ಳು, ಗೇಣುದ್ದದ ಕಟ್ಟಿಗೆಯ ಕುಟ್ಟಾಣಿ ತಂದಿಟ್ಟು, ಅರೆದುಕೊಳ್ಳಿ ಎಂದು ಕೈ ಮಾಡಿ ತೋರಿಸಿದಳು.

‘ರೊಕ್ಕಾ ಕೊಟ್ಟ ನಾವ ಅರೀಬೇಕೇನ್ರಿ? ಮನ್ಯಾಗ ಪುಕ್ಕಟ ಅರದದ್ದು ಸಾಲಲಿಲ್ಲ ನನಗ,’ ಎಂದಳು ನನ್ನ ಹೆಂಡತಿ. ಹಾಗಂದು ನಕ್ಕಳು. ನಕ್ಕದ್ದು ನೋಡಿ, ಇನ್ನು ವ್ಯವಹಾರ ಸಲೀಸು ಎಂದುಕೊಂಡೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಬರುವ ಮೊದಲೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ: ಅಂಗಡಿ ಅವಳಿಗೆ, ಗಂಟು ನನಗೆ. ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಕೊನೆಯ ಮಾತನ್ನು ಮೊದಲು ಹೇಳುವುದು ನನ್ನ ಬಾಯಿಗೆ ಗೊತ್ತೇ ಇರಲಿಲ್ಲ.

‘ಬಿಸಿಲ ಹೊತ್ತಿನ್ಯಾಗ ಎರಡ ತಾಸು ಅಂಗಡ್ಯಾಗ ಕುಂದ್ರು,’ ಎಂದೆ.

ಅವಳು ಎಳ್ಳು ಅರೆಯುತ್ತಿದ್ದಳು.

‘ಚಲೋ ಬೂಟ್ ಕೊಡಸ್ತೇನಿ.’

ಅರೆಯುತ್ತಲೇ ಇದ್ದಳು. ಎಳ್ಳಿನ ಘಮ ಮೇಜಿನ ತುಂಬ ಹರಡಿತು.

‘ಆತು, ಮುಂಜಾನಿ ಅಷ್ಟ ದಂಡಿಗೆ ಹೋಗು. ಮಧ್ಯಾಹ್ನದ ಮ್ಯಾಲೆ ಅಂಗಡಿ.’

ಕುಟ್ಟಾಣಿ ನಿಲ್ಲಿಸಿ ಅವಳು ನನ್ನನ್ನು ನೋಡಿದಳು. ‘ಇನ್ನೂ ಏನರ ಐತೇನ್ರಿ ನಿಮ್ಮ ಹಂತ್ಯಾಕ?’

ಗಿರಾಕಿ ಹೀಗೆ ಕೇಳಿದರೆ ಸರಕು ಹೋದಂತೆಯೇ ಎಂದು ತಿಳಿಯಬೇಕು. ನಾನು ಹಾಗೇ ತಿಳಿದೆ.

‘ಇಷ್ಟ, ಮತ್ತೇನಿಲ್ಲ,’ ಎಂದೆ.

‘ಖರೇ ಇಷ್ಟ?’

‘ಇಷ್ಟ.’

ಅಷ್ಟು ಹೇಳಿ ಎದ್ದು ನಿಂತೆ. ನಮ್ಮಿಬ್ಬರದು ಒಂದು ಪದ್ಧತಿಯಿತ್ತು. ಸಗಟು ವ್ಯಾಪಾರಿಯ ಮುಂದೆ ಮಾತು ಸಿಕ್ಕಿಕೊಂಡಾಗ ನಾನು ಸಿಟ್ಟಿನಿಂದ ಏಳುವುದು, ಅವಳು ಕೂತಲ್ಲಿಂದಲೇ ‘ಕುಂದರ್ರಿ, ಅಣ್ಣಾರು ಕೊಡತಾರ’ ಎನ್ನುವುದು, ವ್ಯಾಪಾರಿ ಮೆತ್ತಗಾಗುವುದು. ಎಷ್ಟು ವರ್ಷ, ಎಷ್ಟು ಅಂಗಡಿಯಲ್ಲಿ ಅವಳು ನನ್ನನ್ನು ಹಾಗೆ ಕೂಡಿಸಿದ್ದಳೋ. ಕಾಲು ತಾನೇ ಎದ್ದಿತು. ಎದುರಿಗಿದ್ದದ್ದು ವ್ಯಾಪಾರಿಯಲ್ಲ, ಅವಳೇ ಎಂಬುದು ಹೊಳೆಯಲೇ ಇಲ್ಲ.

‘ಆಗೂದಿಲ್ಲಂದ್ರ ಬಿಡು. ನಾ ಹೊಂಟೆ.’

ಅವಳು ಅರೆದ ಎಳ್ಳಿನ ಮೇಲೆ ಸಾಸು ಸುರಿದು ಕಲೆಸಿದಳು. ‘ಹೋಗಿ ಬರ್ರಿ,’ ಎಂದಳು. ಸಿಟ್ಟಿನಿಂದಲ್ಲ. ಮನೆಗೆ ಬಂದು ಹೊರಟವರಿಗೆ ಹೇಳುವ ಹಾಗೆ.

ನಿಧಾನಕ್ಕೆ ನಡೆದೆ. ಮೆಟ್ಟಿಲ ಬಳಿ ಚಪ್ಪಲಿ ಮೆಟ್ಟಲು ಎಷ್ಟು ಹೊತ್ತು ಮಾಡಬಹುದೋ ಅಷ್ಟು ಮಾಡಿದೆ. ಅಂಗಳ ದಾಟುವಾಗ ಹಿಂದಿನಿಂದ ಯಾರೋ ಓಡಿ ಬಂದ ಸದ್ದಾಯಿತು. ತಿರುಗಿದರೆ ಜಪಾನಿ ಹೆಂಗಸು. ಮುಖ ಬಿಳಿಚಿತ್ತು. ನಾನು ಮುಟ್ಟದೆ ಬಿಟ್ಟ ತಟ್ಟೆಯ ಕಡೆ ಬೆರಳು ಮಾಡಿ, ಬಗ್ಗಿ, ತನಗೆ ಬರುವ ನಾಲ್ಕು ಮಾತಿನಲ್ಲಿ, ಅಡುಗೆಯಲ್ಲಿ ಏನು ತಪ್ಪಾಯಿತು ಎಂದು ಕೇಳಿದಳು. ಏನೂ ಇಲ್ಲ, ಚೆನ್ನಾಗಿದೆ ಎಂದೆ. ನಂಬದೆ ಇನ್ನೊಮ್ಮೆ ಬಗ್ಗಿ ಒಳಗೆ ಹೋದಳು.

ತೆಂಗಿನ ಮರದ ಹತ್ತಿರ ನಿಂತೆ. ಕಿಟಕಿಯಲ್ಲಿ ಹೆಂಡತಿ ಕಾಣುತ್ತಿದ್ದಳು. ಒಂದೊಂದು ತುಂಡನ್ನೂ ಊದಿ ಊದಿ ತಿಂದಳು. ಎಲೆಕೋಸು ಎರಡನೇ ಸಲ ಹಾಕಿಸಿಕೊಂಡಳು. ಹತ್ತು ಹೆಜ್ಜೆ ಒಳಗೆ ಹೋಗಿ ಹೇಳಿಬಿಡಬಹುದಿತ್ತು. ಎದ್ದವನು ತಾನೇ ತಿರುಗಿ ಹೋದರೆ ಸೋತ ಹಾಗೆ ಎಂದು ನಿಂತೆ. ಆ ಬಿಸಿಲಲ್ಲಿ ನಿಂತು ನಾನು ಕಾಯ್ದುಕೊಂಡ ದೊಡ್ಡಸ್ತಿಕೆ ಅದು.

ಇಬ್ಬರ ಊಟದ ಹಣವನ್ನೂ ಕೊಟ್ಟು ಅವಳು ಹೊರಗೆ ಬಂದಳು.

‘ಇನ್ನೂ ಇಲ್ಲೇ ಅದೀರೇನು?’

ಆಗ ಹೇಳಿದೆ. ‘ಅಂಗಡಿ ಪೂರಾ ನಿಂದ. ಗಂಟು ನಾ ಹೊರ್ತೇನಿ. ಮನ್ಯಾಗಿಂದ ಬರೂ ಮೊದಲ ಠರಾಯಿಸಿದ್ದೆ, ಖರೇ ಹೇಳತೇನಿ.’

ಅವಳು ನನ್ನ ಮುಖ ನೋಡಿದಳು. ಸುಳ್ಳೋ ನಿಜವೋ ಎಂದು ಅಳೆಯುತ್ತಿರಲಿಲ್ಲ. ನಿಜವೆಂದು ಅವಳಿಗೆ ಗೊತ್ತಾಗಿತ್ತು.

‘ನಾ ಎರಡ ಸಲಾ ಕೇಳಿದೆ,’ ಎಂದಳು. ‘ಎರಡೂ ಸಲಾ ಇಷ್ಟ ಅಂದ್ರಿ. ಈಗ ನಾ ಎದ್ದ ಮ್ಯಾಲೆ ಹೇಳಾಕತ್ತೀರಿ. ಇದೂ ಹೊಂಟ ಗಿರಾಕೀಗೆ ಇಳಸೂ ರೇಟ ಆತಲ್ರಿ. ನಾನೂ ಒಂದ ಗಿರಾಕಿ ಆದೆ.’

ಸಾಂಖಳಿಗೆ ಎರಡು ಬಸ್ಸು ಬದಲಾಯಿಸಬೇಕು, ಹೊತ್ತಾಗುತ್ತದೆ ಎಂದು ಹೊರಟಳು.

ಆಮೇಲೆ ಮೂರು ಸಲ ಅವಳ ಅಕ್ಕನ ಕೈಯಲ್ಲಿ ಹೇಳಿ ಕಳಿಸಿದೆ. ‘ಕೇಳಿಸಿಕೊಂಡಾಳ’ ಎಂಬುದೊಂದೇ ಉತ್ತರ ಬಂತು. ಆ ಊಟದ ಮರುದಿನದಿಂದಲೇ ಅಂಗಡಿಗೆ ಬೀಗ ಹಾಕಿ ಗಂಟು ಹೊತ್ತಿದ್ದೆ. ಎರಡೇ ವಾರಕ್ಕೆ ಹಿಮ್ಮಡಿ ಬಿರಿಯಿತು. ಆ ಇಡೀ ಬೇಸಿಗೆ ಉಸುಕಿನಲ್ಲಿ ಮೇಲೂ ಕೆಳಗೂ ನಡೆದೆ, ಯಾರಿಗೆ ಕಾಣಲಿ ಎಂದು ನಡೆದೆನೋ ನನಗೇ ತಿಳಿಯದು. ಸಾಂಖಳಿಯಿಂದ ಸಮುದ್ರ ಕಾಣುವುದಿಲ್ಲ.